ಪೆಟ್ಟಿಗೆ ಅಂದರೆ ತಪ್ಪಾ?

ಪ್ರಶ್ನೆ: ಹಾರ್ಮೋನಿಯಂ ಯಾವ ಭಾಷೆಯ ಪದ? ನಮ್ಮಜ್ಜ ಅದನ್ನು ಬರೀ ‘ಪೆಟ್ಟಿಗೆ’ ಅನ್ನುತ್ತಿದ್ದರು. ಅದು ತಪ್ಪಾ?
– ಓದುಗರೊಬ್ಬರು, ಹರಿಹರ

ಉತ್ತರ: ತಪ್ಪೇನಿಲ್ಲ. ಹೇಳಬೇಕೆಂದರೆ ನಿಮ್ಮಜ್ಜ ಆ ಪದದ ಬುಡಕ್ಕೇ ಕೈ ಹಾಕಿದ್ದರು.

ಹೆಸರಿಟ್ಟವರು ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ. 1842ರಲ್ಲಿ ತಮ್ಮ ವಾದ್ಯಕ್ಕೆ ಪೇಟೆಂಟ್ ಮಾಡಿಸಿಕೊಂಡರು. ಪದದ ಬೇರು ಗ್ರೀಕ್ ಭಾಷೆಯ ‘ಹಾರ್ಮೊನಿಯಾ’. ಈಗ ಅದಕ್ಕೆ ಸ್ವರಗಳ ಹೊಂದಿಕೆ ಎಂಬ ಅರ್ಥ. ಮೊದಲು ಅದು ಬಡಗಿಯ ಮಾತು. ಮರಕ್ಕೆ ಮರ ಕೂಡಿಸುವ ಕೀಲು, ಜೋಡಣೆ. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಕಾವ್ಯದಲ್ಲಿ ನಾಯಕ ತೆಪ್ಪ ಕಟ್ಟುವಾಗ ಈ ಪದ ಬರುತ್ತದೆ. ಅಲ್ಲಿ ರಾಗವೂ ಇಲ್ಲ, ತಾಳವೂ ಇಲ್ಲ. ತೂತು ಕೊರೆಯುವುದು, ಗೂಟ ಬಡಿಯುವುದು, ಅಷ್ಟೇ.

ನಾನು ಬಡಗಿಯ ಮಗ. ಹಾಗಾಗಿ ಇದನ್ನು ಓದಿದ ದಿನ ನನಗೆ ಖುಷಿಯೋ ಖುಷಿ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟು ಹೊಡೆಯುತ್ತಿದ್ದವು. ಅವುಗಳ ಕಾಲುಪೆಟ್ಟಿಗೆ ಕೆಟ್ಟರೆ ಅಪ್ಪನ ಹತ್ತಿರ ಬರುತ್ತಿತ್ತು. ಅಪ್ಪನಿಗೆ ಸರಿಗಮ ಗೊತ್ತಿರಲಿಲ್ಲ. ನನ್ನನ್ನು ಕೂರಿಸಿ ಪೆಡಲ್ ತುಳಿಸುತ್ತಿದ್ದರು. ತಾವು ಕೆನ್ನೆಗೆ ನೀರು ಸವರಿಕೊಂಡು ಪೆಟ್ಟಿಗೆಯ ಮೂಲೆ ಮೂಲೆಗೆ ಹಿಡಿಯುತ್ತಿದ್ದರು. ತಣ್ಣಗಾದ ಕಡೆ “ಇಲ್ಲಿ ಸೋರ್ತೈತಿ ನೋಡು” ಅನ್ನುವರು. ಅಲ್ಲಿಗೆ ಒಂದು ತುಂಡು ತೊಗಲು, ಸ್ವಲ್ಪ ಸರೇಸು. ಒಮ್ಮೆ ಆ ಸರೇಸು ಹಚ್ಚುವ ಕೆಲಸ ನನಗೆ ಬಂತು. ಜಾಸ್ತಿ ಸುರಿದೆ. ಅದು ಇಳಿದು ರೀಡಿಗೆ, ಅಂದರೆ ಸ್ವರ ಹೊರಡಿಸುವ ಲೋಹದ ನಾಲಗೆಗೆ, ಅಂಟಿ ಒಂದು ಸ್ವರದ ಮನೆ ಮೂಗಾಯಿತು. ಆ ರಾತ್ರಿ ಮಾಸ್ತರು ಆ ಸ್ವರ ಬಂದಾಗಲೆಲ್ಲ ಕೆಮ್ಮಿ ಮುಂದೆ ಹೋದರು! ನಾನು ನೆಲದ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಹಾರ್ಮನಿ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವುದು. ನಮ್ಮ ಸಂಗೀತದಲ್ಲಿ ಆ ಪದ್ಧತಿಯೇ ಇಲ್ಲ. ಹಾಡಿನ ಹಿಂದೆ ಒಂದೊಂದೇ ಸ್ವರ ಹಿಡಿದು ಹೋಗುತ್ತೇವೆ. ಹೆಸರಿಗೂ ಕೆಲಸಕ್ಕೂ ಸಂಬಂಧ ಇಲ್ಲ, ಅಲ್ವಾ? ಕಾಲು ಬಿಟ್ಟು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆ ಕಲ್ಕತ್ತಾದ ದ್ವಾರಕಾನಾಥ ಘೋಷರ ಕೈಯಲ್ಲಿ ಬೆಳೆಯಿತು. ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಗಮಕ ನುಡಿಯುವುದಿಲ್ಲ ಎಂದು ಆಕಾಶವಾಣಿ 1940ರಿಂದ ಮೂವತ್ತು ವರ್ಷ ಅದನ್ನು ಹೊರಗಿಟ್ಟಿತ್ತು. ಆ ದೂರು ಸುಳ್ಳಲ್ಲ ಬಿಡಿ. ಆದರೆ ಮೈಕ್ ಇಲ್ಲದ ಟೆಂಟಿನಲ್ಲಿ ಹಿಂದಿನ ಸಾಲಿಗೆ ಕೇಳಬೇಕಲ್ಲ? ಕಂಪನಿಯವರು ಪೆಟ್ಟಿಗೆ ಬಿಡಲಿಲ್ಲ. ನುಡಿಸುವವರು ‘ಪೆಟ್ಟಿಗೆ ಮಾಸ್ತರು’ ಆಗಿಯೇ ಉಳಿದರು. ಧಾರವಾಡದ ಕಡೆಯವರಿಗೆ ಅದು ‘ಪೇಟಿ’.

ಅಜ್ಜನ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದ್ದರೆ ಇಳಿಸಿ. ಕೆನ್ನೆ ಒದ್ದೆ ಮಾಡಿಕೊಂಡು ಮೂಲೆಗೆ ಹಿಡಿದು ನೋಡಿ. ಸರೇಸು ಮಾತ್ರ ಕಮ್ಮಿ ಹಚ್ಚಿ.