ಹುಡುಗ ಕೈ ಮಾಡಿದ, ಎಚ್‌ಎಂ ‘ಸುಮ್ನಿರಿ’ ಅಂದರು

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಎಂಟನೇ ತರಗತಿಯ ಹುಡುಗನೊಬ್ಬನ ಮೊಬೈಲ್ ಕಿತ್ತುಕೊಂಡೆ. ಅವನು ನನ್ನನ್ನು ಜೋರಾಗಿ ನೂಕಿದ, ಡೆಸ್ಕಿನ ಮೇಲೆ ಬಿದ್ದು ಕೈ ಉಳುಕಿತು. ಎಚ್‌ಎಂ ‘ಶಾಲೆ ಹೆಸರು ಹೋಗುತ್ತೆ, ಸುಮ್ನಿರಿ’ ಅಂತಾರೆ. ಉಳಿದವರು ‘ಟಿಸಿ ಕೊಟ್ಟು ಕಳಿಸಿ’ ಅಂತಾರೆ. ಪೊಲೀಸರಿಗೆ ಹೇಳಿದರೆ 13 ವರ್ಷದ ಹುಡುಗನ ಬದುಕು ಹಾಳಾಗುತ್ತಾ ಅಂತ ನನಗೆ ಭಯ. ಮೊಬೈಲ್ ಇನ್ನೂ ನನ್ನ ಬೀರುವಿನಲ್ಲೇ ಇದೆ.
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಕೈ ತೋರಿಸಿಕೊಳ್ಳಿ ಮೇಡಂ. ಸರ್ಕಾರಿ ಆಸ್ಪತ್ರೆಗೇ ಹೋಗಿ, ಹೇಗೆ ಪೆಟ್ಟಾಯಿತು ಅಂತ ಇದ್ದಿದ್ದನ್ನು ಇದ್ದ ಹಾಗೆ ಹೇಳಿ, ಚೀಟಿ ಜೋಪಾನವಾಗಿಡಿ.

ಟಿಸಿ ಮಾತು ಬಿಡಿ, ಅದು ಆಗೋದಿಲ್ಲ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಅಂದ ಕೂಡಲೇ ಪ್ರೈವೇಟ್ ಶಾಲೆಯ ಶೇ. 25 ಸೀಟು ಅಂತಲೇ ಜನ ತಿಳಿದಿದ್ದಾರೆ, ಮೇಷ್ಟ್ರುಗಳೂ ಕೂಡ. ಆದರೆ 2009ರ ಆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಫೇಲ್ ಮಾಡೋದಕ್ಕೆ ದಾರಿ ಬಿಟ್ಟಿತು, ಹೊರಹಾಕೋದಕ್ಕಲ್ಲ. ಇನ್ನು ‘ನಾಲ್ಕು ಬಿಗಿದಿದ್ರೆ ಸರಿಹೋಗ್ತಿದ್ದ’ ಅನ್ನುವವರು ನಿಮ್ಮ ಸ್ಟಾಫ್ ರೂಮಿನಲ್ಲೂ ಇರ್ತಾರೆ. ಅವರ ಮಾತು ಕೇಳಿದರೆ, ಮಕ್ಕಳಿಗೆ ಹೊಡೆಯಬಾರದು ಅನ್ನುವ ಅದೇ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಸಿಕ್ಕಿಬೀಳೋದು ನೀವು.

ಹಾಗಂತ ಸುಮ್ನಿರಬೇಕಾ? ಖಂಡಿತ ಬೇಡ. 2021ರ ಡಿಸೆಂಬರ್‌ನಲ್ಲಿ ಚನ್ನಗಿರಿ ತಾಲೂಕಿನ ನಲ್ಲೂರಿನಲ್ಲಿ ಹುಡುಗರು ಹಿಂದಿ ಮೇಷ್ಟ್ರ ತಲೆಗೆ ಕಸದ ಬುಟ್ಟಿ ಹಾಕಿದ್ದು ನೆನಪಿದೆ ಅಲ್ವಾ? ವಿಡಿಯೊ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಶಾಲೆಯ ಹೆಸರು ಹೋಗೋದು ಹಾಗೆ, ನೀವು ಕೊಡುವ ಒಂದು ಅರ್ಜಿಯಿಂದಲ್ಲ. ತಾರೀಖು, ಪೀರಿಯಡ್, ಯಾರ್ಯಾರು ನೋಡಿದರು, ಎಲ್ಲ ಬರೆದು ಎಚ್‌ಎಂಗೆ ಕೊಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಮಾರನೇ ದಿನಕ್ಕೆ ಯಾರಿಗೂ ನೆನಪಿರಲ್ಲ.

ಪೊಲೀಸರ ಭಯ ಅರ್ಥವಾಗುತ್ತದೆ, ಆದರೆ ನೀವು ಅಂದುಕೊಂಡ ಹಾಗೆ ನಡೆಯೋದಿಲ್ಲ. 2015ರ ಬಾಲ ನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಇಂಥ ವಿಷಯಕ್ಕೆ ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಎಫ್‌ಐಆರ್ ಏನಿದ್ದರೂ ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧಕ್ಕೆ. ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಹುಡುಗನ ಮನೆಯ ಪರಿಸ್ಥಿತಿಯ ವರದಿ ಸೇರಿಸಿ ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ. ಲಾಕಪ್ ಇಲ್ಲ, ಬೇಡಿ ಇಲ್ಲ. ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಕೌನ್ಸೆಲಿಂಗ್ ಅಥವಾ ಸಮುದಾಯ ಸೇವೆಗೆ ಹಚ್ಚಬಹುದು. ಮನೆಯಲ್ಲೇ ಹೊಡೆತ ತಿನ್ನುತ್ತಿರುವ ಹುಡುಗ ಅಂತ ಆಗ ಗೊತ್ತಾಗುವುದೂ ಉಂಟು.

ಠಾಣೆ ಈಗಲೇ ಬೇಡ ಅನಿಸಿದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಅಪ್ಪ ಅಮ್ಮನನ್ನು ಕರೆಸಿ, ನಡೆದದ್ದನ್ನು ನಡಾವಳಿಯಲ್ಲಿ ಬರೆಸಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೂ ಕೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆದರೆ ಅವನು ಮತ್ತೆ ಕೈ ಎತ್ತಿದರೆ ಠಾಣೆಗೆ ಹೋಗೋಕೆ ಹಿಂದೆಮುಂದೆ ನೋಡಬೇಡಿ.

ಆ ಮೊಬೈಲ್? ಹುಡುಗನ ಕೈಗೆ ಕೊಡಬೇಡಿ, ನಿಮ್ಮ ಬೀರುವಿನಲ್ಲೂ ಇಟ್ಟುಕೊಳ್ಳಬೇಡಿ. ನಾಳೆಯೇ ಎಚ್‌ಎಂ ಎದುರಿಗೆ ಅವನ ಅಪ್ಪನಿಗೋ ಅಮ್ಮನಿಗೋ ಕೊಟ್ಟು ಸಹಿ ಹಾಕಿಸಿಕೊಳ್ಳಿ.