13 ವರ್ಷದ ಮಗಳನ್ನು ಖೋ ಖೋ ನಂಬಿ ಕ್ರೀಡಾ ಹಾಸ್ಟೆಲಿಗೆ ಕಳಿಸಬಹುದಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗಳು ಎಂಟನೇ ಕ್ಲಾಸು, ಶಾಲೆ ತಂಡದಲ್ಲಿ ಖೋ ಖೋ ಆಡಿ ಜಿಲ್ಲಾ ಮಟ್ಟದವರೆಗೆ ಹೋಗಿ ಬಂದಿದ್ದಾಳೆ. ಪಿ.ಟಿ. ಮೇಷ್ಟ್ರು ಹಾಸ್ಟೆಲಿಗೆ ಹಾಕಿ ಅಂತ ಬೆನ್ನು ಬಿದ್ದಿದ್ದಾರೆ, ಮನೆಯಲ್ಲಿ ಅಜ್ಜಿ ಸುತರಾಂ ಬೇಡ ಅಂತಾರೆ. "ಆಟ ನಂಬಿಕೊಂಡರೆ ಮುಂದೆ ಬದುಕು ನಡೆಯುತ್ತಾ, ಇಲ್ಲಾ ಇದೆಲ್ಲ ಟಿ.ವಿ.ಯಲ್ಲಿ ನೋಡೋಕೆ ಮಾತ್ರಾನಾ?" ಅಂತ ಕೇಳಿದ್ದೀರಿ.

ನಾನು ಮೈಸೂರು ಜಿಲ್ಲೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಇಪ್ಪತ್ತೆರಡು ವರ್ಷವಾಯ್ತು. ಅದಕ್ಕೂ ಮೊದಲು ವಿಶ್ವವಿದ್ಯಾಲಯದ ತಂಡಕ್ಕೆ ಖೋ ಖೋ ಆಡಿದವಳು. ಮೆಟ್ಟಿಲು ಇಳಿಯುವಾಗ ಬಲಗಾಲಿನ ಮಂಡಿ ಇವತ್ತಿಗೂ ಅದನ್ನು ಜ್ಞಾಪಿಸುತ್ತೆ. ಹಾಗಾಗಿ ನನ್ನ ಮಾತಿನಲ್ಲಿ ಆಟದ ಕಡೆಗೆ ಸ್ವಲ್ಪ ವಾಲಿಕೆ ಇದ್ದೇ ಇರುತ್ತೆ, ಅದನ್ನು ಕಳೆದು ಓದಿ.

ಕಳಿಸಿ. ಆದರೆ ಆಟವನ್ನು "ನಂಬಿ" ಕಳಿಸಬೇಡಿ. ಯಾಕೆ ಅಂತ ಹೇಳ್ತೀನಿ.

ಮೊದಲು ದುಡ್ಡಿನ ವಿಷಯ, ನಿಮ್ಮ ಮನೆಯಲ್ಲಿ ಜಗಳ ನಡೆಯುತ್ತಿರುವುದೇ ಅದರ ಮೇಲೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಇಬ್ಬರೂ ಗೆದ್ದರು. ಮಹಿಳೆಯರ ಫೈನಲ್ಲಿನಲ್ಲಿ ನೇಪಾಳದ ಎದುರು 78-40. ಆ ತಂಡದಲ್ಲಿ ಆಡಿದ ಬಿ. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಆ ಊರಲ್ಲಿ ಖೋ ಖೋ ಅಂದರೆ ಹಬ್ಬ. ಅವತ್ತು ಸ್ಟಾಫ್ ರೂಮಿನಲ್ಲಿ ಮೊಬೈಲ್ ಹಿಡಿದುಕೊಂಡು ಕೂತ ನಾನು ಅತ್ತಿದ್ದು ನಿಜ. ಒಂದು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು: ರಾಜ್ಯ ಸರಕಾರ ಘೋಷಿಸಿದ 5 ಲಕ್ಷ ರೂಪಾಯಿ ಬಹುಮಾನವನ್ನು ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಇಬ್ಬರೂ ಬೇಡ ಅಂದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಎರಡು ಕೋಟಿಗೂ ಮೀರಿ ಕೊಟ್ಟು, ಜೊತೆಗೆ ಸರಕಾರಿ ಕೆಲಸವನ್ನೂ ಕೊಡುತ್ತಿತ್ತು. "ಐದು ಲಕ್ಷ ಕಮ್ಮೀನಾ? ದುರಹಂಕಾರ" ಅಂತ ಬರೆದವರೂ ಇದ್ದರು. ಹತ್ತು ವರ್ಷ ಮಣ್ಣಲ್ಲಿ ಬಿದ್ದು ಎದ್ದ ಮೈಗೆ ಐದು ಲಕ್ಷ ಅಂದರೆ ತಿಂಗಳಿಗೆ ಎಷ್ಟು ಬಿತ್ತು ಅಂತ ಅವರಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ನಾನು ಹಾಕಿದೆ. ನಾಲ್ಕು ಸಾವಿರದ ಚಿಲ್ಲರೆ.

ವಿಶ್ವಕಪ್ ಗೆದ್ದವರ ಕತೆ ಇದು. ಲೀಗ್ ಇದೆಯಲ್ಲ ಅಂತೀರಿ. 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಶುರುವಾಯಿತು, ಆರು ತಂಡ, ಎಲ್ಲವೂ ಗಂಡಸರದ್ದು. ಕಬಡ್ಡಿಯದೂ ಅದೇ ಹಾಡು. ಪ್ರೊ ಕಬಡ್ಡಿ 2014ರಿಂದ ನಡೆಯುತ್ತಿದೆ, 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2.6 ಕೋಟಿ ಬಿತ್ತು. ಹೆಂಗಸರಿಗೆ ಅಂತ 2016ರಲ್ಲಿ ಮೂರೇ ತಂಡದ ಒಂದು ಪಂದ್ಯಾವಳಿ ಮಾಡಿದರು, ಆಮೇಲೆ ಅದರ ಸುದ್ದಿಯೇ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಸಲ ಚಿನ್ನ ಗೆದ್ದ ನಮ್ಮ ಕಾರ್ಕಳದ ಮಮತಾ ಪೂಜಾರಿಗೆ ಸಂಬಳ ಕೊಟ್ಟು ಸಾಕಿದ್ದು ಯಾವ ಲೀಗೂ ಅಲ್ಲ, ರೈಲ್ವೆ. ಹೆಣ್ಣುಮಕ್ಕಳಿಗೆ ಲೀಗಿನ ದುಡ್ಡು ಅಂತ ನಿಜವಾಗಿ ಕಂಡಿದ್ದು ಕ್ರಿಕೆಟ್ಟಿನಲ್ಲಿ, ಅದೂ 2023ರಲ್ಲಿ ಹೆಂಗಸರ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಬಂದ ಮೇಲೆ.

ದೊಡ್ಡ ಲೀಗುಗಳ ಬುಡವೂ ಗಟ್ಟಿ ಇಲ್ಲ. ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಕರಾರು ಮುಗಿಯುತ್ತ ಬಂದು, ಹೊಸದು ಕುದುರದೆ, 2025ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತಿಂಗಳುಗಟ್ಟಲೆ ನಿಂತುಹೋಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದವರ ಸಂಬಳವನ್ನೇ ತಡೆಹಿಡಿಯಿತು. ಅದೇ ತಿಂಗಳು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿದಾಗ ಅಂಥ ಆಟ ನಡೆಸುತ್ತಿದ್ದ, ಭಾರತ ಕ್ರಿಕೆಟ್ ತಂಡದ ಪ್ರಾಯೋಜಕ ಡ್ರೀಮ್ ಇಲೆವೆನ್ ಕಂಪನಿ ತಂಡದ ಜೆರ್ಸಿಯಿಂದಲೇ ಹೊರಬಿತ್ತು. ನಿಷೇಧ ಸರಿಯೇ, ನಮ್ಮ ಶಾಲೆಯ ಹಳೇ ಹುಡುಗರೇ ಇಬ್ಬರು ಅದರಲ್ಲಿ ಬೈಕು ಮಾರಿಕೊಂಡಿದ್ದಾರೆ. ಆದರೆ ಒಂದು ಕಾಯಿದೆಗೆ ಇಷ್ಟು ಅಲ್ಲಾಡುವ ದುಡ್ಡಿನ ಮೇಲೆ ಮಗುವಿನ ಬದುಕು ಕಟ್ಟೋಕಾಗಲ್ಲ. ಅಂದಹಾಗೆ ಖೋ ಖೋ ಒಲಿಂಪಿಕ್ಸಿನಲ್ಲಿ ಇಲ್ಲ, ಏಷ್ಯನ್ ಗೇಮ್ಸ್ ಪದಕದ ಆಟವೂ ಅಲ್ಲ. 1982ರ ದೆಹಲಿ ಏಷ್ಯಾಡ್‌ನಲ್ಲಿ ಪ್ರದರ್ಶನಕ್ಕೆ ಆಡಿಸಿದ್ದರು, ಅಷ್ಟೆ.

ಇಷ್ಟಾದ ಮೇಲೂ ಕಳಿಸಿ ಅಂತೀನಲ್ಲ, ಅದಕ್ಕೆ ಕಾರಣ ಬೇರೆ.

ನನ್ನ ಬೀರುವಿನಲ್ಲಿ ಪ್ರತಿ ವರ್ಷದ ತಂಡದ ಗ್ರೂಪ್ ಫೋಟೋ ಇದೆ. ಹದಿನಾಲ್ಕು ವರ್ಷದೊಳಗಿನವರ ಫೋಟೋದಲ್ಲಿ ಹನ್ನೆರಡು ಹುಡುಗಿಯರು. ಅದೇ ಮಕ್ಕಳನ್ನು ಹದಿನೇಳು ವರ್ಷದೊಳಗಿನವರ ಫೋಟೋದಲ್ಲಿ ಹುಡುಕಿದರೆ ನಾಲ್ಕು, ಹೆಚ್ಚೆಂದರೆ ಐದು. ಪಿಯುಸಿಗೆ ಹೋದ ಮೇಲೆ ಒಬ್ಬಳು ಸಿಕ್ಕಿದರೆ ನನ್ನ ಪುಣ್ಯ. ಯಾರೂ ಸೋತು ಬಿಟ್ಟವರಲ್ಲ. ಒಬ್ಬಳಿಗೆ ಗಣಿತದ ಟ್ಯೂಷನ್. ಒಬ್ಬಳು ದೊಡ್ಡವಳಾದಳು, ಮಾವ ಬಂದು ಚಡ್ಡಿ ಹಾಕಿಕೊಂಡು ಓಡೋದು ಸಾಕು ಅಂದ. ಟ್ರ್ಯಾಕ್ ಪ್ಯಾಂಟ್ ಹಾಕಿಸ್ತೀನಿ ಅಂತ ನಾನೇ ಮನೆಗೆ ಹೋಗಿ ಕೂತು ಕಾಫಿ ಕುಡಿದು ಬಂದೆ, ಮೂರು ತಿಂಗಳು ಬಂದಳು, ಆಮೇಲೆ ಇಲ್ಲ. ಇನ್ನೊಬ್ಬಳಿಗೆ ಸಂಜೆ ಆರೂವರೆಯ ಬಸ್ಸು ನಿಂತುಹೋಯಿತು. ಬಸ್ಸು ನಿಂತರೆ ಆಟ ನಿಲ್ಲುತ್ತೆ ಅಂತ ಯಾವ ಕ್ರೀಡಾ ನೀತಿಯಲ್ಲೂ ಬರೆದಿರಲ್ಲ. ಇನ್ನು ಹತ್ತನೇ ಕ್ಲಾಸು ಅಂದರೆ ಕೇಳಲೇಬೇಡಿ. ಡಿಸೆಂಬರ್ ಬಂತೆಂದರೆ ನನ್ನ ಪಿ.ಟಿ. ಪೀರಿಯಡ್ಡು ವಿಜ್ಞಾನದವರಿಗೆ, ಗಣಿತದವರಿಗೆ ಸಾಲ. ವಾಪಸು ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಹಾಸ್ಟೆಲ್ ಇದನ್ನು ತಡೆಯುತ್ತೆ. ಬಸ್ಸು, ಟ್ಯೂಷನ್ನು, ಮಾವ ಮೂರನ್ನೂ ಒಂದೇ ಏಟಿಗೆ ದೂರ ಇಡುತ್ತೆ. ಸರಕಾರಿ ಕ್ರೀಡಾ ಹಾಸ್ಟೆಲಿನಲ್ಲಿ ಊಟ, ವಸತಿ, ಓದಿನ ಖರ್ಚು ನಿಮ್ಮ ಮೇಲೆ ಬೀಳಲ್ಲ. ಹದಿಮೂರರಿಂದ ಹದಿನೆಂಟರ ಆ ಐದು ವರ್ಷ ಅವಳು ಆಡುತ್ತಲೇ ಇದ್ದರೆ ಏನಾಗುತ್ತೆ ಅಂತ ನನಗೆ ಗೊತ್ತು, ಯಾಕಂದರೆ ಹಾಗೆ ಉಳಿದ ನನ್ನ ಮಕ್ಕಳನ್ನು ಎಣಿಸಬಲ್ಲೆ. ಒಬ್ಬಳು ಪೊಲೀಸ್ ಕಾನ್‌ಸ್ಟೆಬಲ್, ಒಬ್ಬಳು ರೈಲ್ವೆ, ಇಬ್ಬರು ನನ್ನ ಹಾಗೆ ಪಿ.ಟಿ. ಟೀಚರು, ಒಬ್ಬಳು ಕ್ರೀಡಾ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ತಗೊಂಡು ಆಟವನ್ನೇ ಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಸ್ವಲ್ಪ ಇದೆ.

ಈಗ ಮೈಯ ಮಾತು. ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮೈದಾನದಲ್ಲಿ ಅದು ನನಗೆ ಬೇರೆ ಹೆಸರಲ್ಲಿ ಕಾಣುತ್ತೆ: "ಮಿಸ್, ತಲೆ ಸುತ್ತುತ್ತೆ." ಚೇಸಿಂಗ್‌ನಲ್ಲಿ ಒಂಬತ್ತು ನಿಮಿಷ ಓಡಬೇಕಾದ ಹುಡುಗಿ ಬೆಳಗ್ಗೆ ಬರೀ ಟೀ ಕುಡಿದು ಬಂದಿರುತ್ತಾಳೆ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಕ್ರೀಡೆಗೆ ಅತಿ ಹೆಚ್ಚು ಉಪಕಾರ ಮಾಡಿದ ಯೋಜನೆ ಯಾವುದು ಅಂದರೆ ನಾನು ಶಾಲೆಯಲ್ಲಿ ಕೊಡುವ ಮೊಟ್ಟೆ ಅಂತೀನಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ದುಡ್ಡು ಸೇರಿ 2024ರಿಂದ ವಾರಕ್ಕೆ ಆರು ದಿನ ಬರುತ್ತಿದೆ, ತಿನ್ನದವರಿಗೆ ಬಾಳೆಹಣ್ಣು. ಹಾಸ್ಟೆಲಿಗೆ ಸೇರಿಸುವ ಮೊದಲು ಮಗಳ ಹಿಮೋಗ್ಲೋಬಿನ್ ಒಂದು ಸಲ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತೆ. ಮುಟ್ಟು ತಪ್ಪಿದರೆ, ತಡವಾದರೆ ಮುಚ್ಚಿಡದೆ ಹೇಳು ಅಂತ ಅವಳಿಗೆ ಹೇಳಿ ಕಳಿಸಿ. ತುಂಬ ಓಡಿ ಕಮ್ಮಿ ತಿನ್ನುವ ಹುಡುಗಿಯರಿಗೆ ಅದು ನಿಂತೇಹೋಗುತ್ತೆ, ಕೆಲವು ಕೋಚುಗಳು ಅದನ್ನು "ಒಳ್ಳೇದೇ ಆಯ್ತು" ಅಂತಾರೆ. ಒಳ್ಳೇದಲ್ಲ, ಮೂಳೆ ಸವೆಯುತ್ತೆ.

ಮಂಡಿ. ಖೋ ಖೋದಲ್ಲಿ ಓಡುತ್ತಿದ್ದವಳು ಗಕ್ಕನೆ ತಿರುಗಬೇಕು, ಕಂಬ ಹಿಡಿದು ಸುತ್ತಬೇಕು, ಹಾರಿ ಬೀಳಬೇಕು. ಮಂಡಿಯೊಳಗಿನ ಎಸಿಎಲ್ ಅನ್ನೋ ನಾರು ಹರಿಯೋದು ಇಂಥ ತಿರುವಿನಲ್ಲೇ, ಅದೂ ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ನನ್ನದು ಹರಿದಾಗ ತಂಡದ ಜೊತೆ ಬಂದಿದ್ದವರು ಸ್ಪ್ರೇ ಹೊಡೆದು, ಬ್ಯಾಂಡೇಜು ಸುತ್ತಿ, ಎರಡನೇ ಇನ್ನಿಂಗ್ಸಿಗೆ ಇಳಿಸಿದರು. ನಾನೂ ಇಳಿದೆ, ಬುದ್ಧಿ ಇರಲಿಲ್ಲ. ಈಗ ಮಣ್ಣಿನಿಂದ ಮ್ಯಾಟಿಗೆ ಆಟ ಬಂದಿದೆ. ಮೈ ತರಚೋದು ಕಮ್ಮಿ, ಆದರೆ ಶೂ ಹಿಡಿದುಕೊಳ್ಳುತ್ತೆ, ಪಾದ ಅಲ್ಲೇ ನಿಂತು ಮಂಡಿ ಮಾತ್ರ ತಿರುಗುತ್ತೆ. ಊರಲ್ಲಿ ಮಣ್ಣಲ್ಲಿ ಬರಿಗಾಲಲ್ಲಿ ಕಲಿತ ಮಕ್ಕಳು ರಾಜ್ಯ ಮಟ್ಟದಲ್ಲಿ ಮೊದಲ ಸಲ ಮ್ಯಾಟ್ ನೋಡ್ತಾರೆ. ಅವರ ಮಂಡಿ ನೋಡಿದಾಗೆಲ್ಲ ನನಗೆ ಜೀವ ಬಾಯಿಗೆ ಬಂದಿರುತ್ತೆ.

ಮನಸ್ಸಿನ ವಿಷಯ ಬರೆಯೋದು ಕಷ್ಟ. ನಾನೇ ಹಾಸ್ಟೆಲಿಗೆ ಸೇರಿಸಿದ ಒಬ್ಬ ಹುಡುಗಿ ಎರಡನೇ ವರ್ಷ ರಾಜ್ಯ ತಂಡದ ಆಯ್ಕೆಯಲ್ಲಿ ಉಳಿಯಲಿಲ್ಲ. ಮನೆಗೆ ಫೋನೇ ಮಾಡಲಿಲ್ಲ, ಹದಿನೈದು ದಿನ. ದಸರಾ ರಜೆಗೆ ಬಂದಾಗ ಅವರಮ್ಮ ನನ್ನ ಹತ್ತಿರ ಕರಕೊಂಡು ಬಂದರು. ಮಾತಿಲ್ಲ, ಉಗುರು ಕಚ್ಚಿ ಕಚ್ಚಿ ಬೆರಳಲ್ಲಿ ರಕ್ತ. ಆ ಮಗುವಿಗೆ ಆಟ ಬಿಟ್ಟು ತಾನು ಬೇರೆ ಏನೂ ಅಲ್ಲ ಅನ್ನಿಸಿಬಿಟ್ಟಿತ್ತು. ಹಾಗನ್ನಿಸುವ ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು, ಸಿಕ್ಕ ಸಿಕ್ಕವರ ಮುಂದೆ "ಇವಳು ಇಂಡಿಯಾಕ್ಕೆ ಆಡ್ತಾಳೆ" ಅಂತ ಹೇಳಿಕೊಂಡು ತಿರುಗಿದ್ದೆ. ಒಲಿಂಪಿಕ್ಸ್ ಚಿನ್ನಗಳ ರಾಶಿ ಇದ್ದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೋ ಒಲಿಂಪಿಕ್ಸಿನಲ್ಲಿ ನನಗೆ ಈಗ ಆಗಲ್ಲ ಅಂತ ಹಿಂದೆ ಸರಿದಳು, ಜಗತ್ತು ಕೇಳಿಸಿಕೊಂಡಿತು. ನಮ್ಮ ಮಕ್ಕಳು ಹಾಗಂದರೆ ನಾಟಕ ಅಂತೀವಿ.

ಅಜ್ಜಿ ಹೆದರುತ್ತಿರೋದು ಬಹುಶಃ ಇದಕ್ಕಲ್ಲ, ಇನ್ನೊಂದಕ್ಕೆ. ಆ ಹೆದರಿಕೆ ಸುಳ್ಳಲ್ಲ. 2023ರಲ್ಲಿ ಒಲಿಂಪಿಕ್ಸ್ ಪದಕ ಗೆದ್ದ ಕುಸ್ತಿಪಟುಗಳೇ ಜಂತರ್ ಮಂತರ್‌ನಲ್ಲಿ ರಸ್ತೆ ಮೇಲೆ ಮಲಗಿ ಲೈಂಗಿಕ ಕಿರುಕುಳದ ನಮ್ಮ ದೂರು ಕೇಳಿ ಅನ್ನಬೇಕಾಯಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯಲ್ಲಿ ಹೆಣ್ಣುಮಕ್ಕಳ, ಅಪ್ರಾಪ್ತರ ಸುರಕ್ಷತೆಗೆ ನೀತಿ, ದೂರು ವ್ಯವಸ್ಥೆ ಎಲ್ಲ ಬಂದಿದೆ. ಕಾಗದದ ಮೇಲೆ ಚೆನ್ನಾಗಿದೆ. ಕಾಗದ ನಂಬದೆ ನೀವೇ ಹೋಗಿ ನೋಡಿ. ಮುಂಚೆ ಹೇಳದೆ ಹೋಗಿ, ಸಂಜೆ ಹೊತ್ತು. ವಾರ್ಡನ್ ಹೆಂಗಸೇ, ರಾತ್ರಿ ಅಲ್ಲೇ ಇರ್ತಾರಾ? ಬಚ್ಚಲುಮನೆಗೆ ಚಿಲಕ ಇದೆಯಾ? ಮಕ್ಕಳು ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರ್ತಾರಾ? ಪೆಟ್ಟಾದರೆ ಯಾವ ಆಸ್ಪತ್ರೆ, ದುಡ್ಡು ಯಾರದು? ಮೂರು ವರ್ಷದ ಹಿಂದಿನ ಬ್ಯಾಚಿನ ಹುಡುಗಿಯರು ಈಗ ಎಲ್ಲಿದ್ದಾರೆ ಅಂತ ಕೇಳಿ. ಹೆಸರು ಹೇಳಿ ಹೇಳಿ ಉತ್ತರ ಕೊಟ್ಟರೆ ಒಳ್ಳೆಯ ಕೋಚು. ಗೋಡೆ ಮೇಲಿನ ಕಪ್‌ಗಳನ್ನು ತೋರಿಸಿದರೆ ಯೋಚನೆ ಮಾಡಿ.

ಎರಡು ಕಡೆ ಮಾತ್ರ ಬಗ್ಗಲೇಬೇಡಿ. ಜನನ ಪ್ರಮಾಣಪತ್ರದಲ್ಲಿ ಒಂದು ವರ್ಷ ಕಮ್ಮಿ ಮಾಡಿಸಿ, ಕೆಳಗಿನ ವಯೋಮಿತಿಯಲ್ಲಿ ಆಡಿಸೋಣ ಅಂತ ಯಾರಾದರೂ ಬಂದೇ ಬರ್ತಾರೆ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ. ಪುಡಿ, ಮಾತ್ರೆ, ಜಿಮ್ಮಿನ ಡಬ್ಬ ಕೊಟ್ಟರೆ ತಗೋಬೇಡ ಅಂತ ಮಗಳಿಗೆ ಹೇಳಿ. 2024ರಲ್ಲಿ ನಮ್ಮ ದೇಶದ ಕ್ರೀಡಾಪಟುಗಳ 7,113 ಸ್ಯಾಂಪಲ್ಲುಗಳಲ್ಲಿ 260ರಲ್ಲಿ ಉದ್ದೀಪನ ಮದ್ದು ಸಿಕ್ಕಿತು. 2023ರಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಪರೀಕ್ಷೆಯವರು ಬಂದಿದ್ದಾರೆ ಅಂತ ಗೊತ್ತಾಗಿ, ಪುರುಷರ ನೂರು ಮೀಟರ್ ಫೈನಲ್ಲಿಗೆ ಒಬ್ಬನೇ ಓಟಗಾರ ನಿಂತಿದ್ದ. ನಗು ಬರುತ್ತೆ, ಉಳಿದವರೂ ಯಾರೋ ಅಪ್ಪ ಅಮ್ಮನ ಮಕ್ಕಳೇ.

ಓದು ನಿಲ್ಲಬಾರದು, ಇದು ನನ್ನ ಷರತ್ತು. ಗಣಿತ ಮತ್ತು ಇಂಗ್ಲಿಷ್ ಹಾಸ್ಟೆಲಿನಲ್ಲಿ ಹಿಂದೆ ಬೀಳುತ್ತೆ, ಬಿದ್ದೇ ಬೀಳುತ್ತೆ. ರಜೆಗೆ ಬಂದಾಗ ನೆಂಟರ ಮನೆ ಸುತ್ತಿಸದೆ ಯಾರಾದರೂ ಮೇಷ್ಟ್ರ ಹತ್ತಿರ ಕೂರಿಸಿ. ವರ್ಷಕ್ಕೊಮ್ಮೆ ಅವಳನ್ನೇ ಕೇಳಿ, ಮುಂದುವರಿಸ್ತೀಯಾ ಅಂತ. ಇಲ್ಲ ಅಂದರೆ ಕರಕೊಂಡು ಬನ್ನಿ, ಊರವರ ಮುಖ ನೋಡಬೇಡಿ.

ಆಯ್ಕೆ ಸಾಮಾನ್ಯವಾಗಿ ಬೇಸಿಗೆಗೆ ಮುಂಚೆ ಇರುತ್ತೆ, ಎತ್ತರ, ಓಟ, ಜಿಗಿತ ಎಲ್ಲ ಅಳೀತಾರೆ. ಹೊಸ ಶೂ ಅವತ್ತೇ ಹಾಕಿಸಬೇಡಿ, ಹದಿನೈದು ದಿನ ಮೊದಲೇ ಕೊಡಿಸಿ ಪಳಗಿಸಿ. ಬೆಳಗ್ಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಅಜ್ಜಿಯನ್ನೂ ಕರಕೊಂಡು ಹೋಗಿ. ಮೊಮ್ಮಗಳು ಓಡೋದನ್ನು ಅವರು ಇನ್ನೂ ನೋಡಿಲ್ಲ ಅಂತ ನನ್ನ ಅನುಮಾನ.