ಶಿವಮೊಗ್ಗಕ್ಕೆ ಬಂದವರು ಒಂದು ಕಂಬ ನೋಡೋಕೆ ತಾಳಗುಂದದವರೆಗೆ ಹೋಗಬೇಕಾ?

ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರ, ಮಧ್ಯಾಹ್ನ ಬಳ್ಳಿಗಾವಿಯ ಹಳೆಯ ದೇವಸ್ಥಾನಗಳು, "ಟೈಮ್ ಉಳಿದರೆ" ತಾಳಗುಂದದ ಶಾಸನದ ಕಂಬ. ಒಂದೇ ದಿನಕ್ಕೆ ಈ ಪಟ್ಟಿ ಬರೆದು, ತಾಳಗುಂದ ಬಿಡಬಹುದಾ ಅಂತ ಕೇಳಿದ್ದೀರಿ. ಇದೇ ಪಟ್ಟಿಯನ್ನು ಒಮ್ಮೆ ನಾನೂ ಹಾಕಿದ್ದೆ.

ಜೊತೆಗೆ ಚಿಕ್ಕಪ್ಪ ಇದ್ದರು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಸರ್ವೀಸ್ ಪೂರ್ತಿ ಮಕ್ಕಳಿಗೆ ಕದಂಬರ ಮಯೂರಶರ್ಮನ ಕಥೆ ಹೇಳಿದ್ದರು. ಆ ಕಥೆ ಕೆತ್ತಿರುವ ಕಲ್ಲನ್ನು ಮಾತ್ರ ನೋಡಿರಲಿಲ್ಲ. ಪುಣೆಯಿಂದ ಬಂದಿದ್ದೇ ಅದಕ್ಕೆ.

ಎಲ್ಲ ಒಂದೇ ಜಿಲ್ಲೆಯಲ್ಲಿದೆ, ಒಂದು ದಿನ ಸಾಕು ಅಂದುಕೊಂಡೆ. ತಪ್ಪಿದ್ದೇ ಅಲ್ಲಿ. ಸಕ್ರೆಬೈಲು ಇರುವುದು ತೀರ್ಥಹಳ್ಳಿ ರಸ್ತೆಯಲ್ಲಿ. ತಾಳಗುಂದ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಆಚೆ. ಅದೊಂದು ದಿಕ್ಕು, ಇದೊಂದು ದಿಕ್ಕು. ಆನೆಗಳ ಸ್ನಾನ ನೋಡಿ, ಶಿವಮೊಗ್ಗಕ್ಕೆ ವಾಪಸ್ ಬಂದು, ಊಟ ಮುಗಿಸಿ ಹೊರಟಾಗಲೇ ತಡವಾಗಿತ್ತು. ಆಗಲಾದರೂ ನೇರ ತಾಳಗುಂದಕ್ಕೆ ಹೋಗಬಹುದಿತ್ತು. ನಾನು ಕಾರನ್ನು ಬಳ್ಳಿಗಾವಿಗೆ ತಿರುಗಿಸಿದೆ. ಅಲ್ಲಿ ಕೇದಾರೇಶ್ವರ ದೇವಸ್ಥಾನ ನೋಡಿದ ಮೇಲೆ ತ್ರಿಪುರಾಂತಕ ದೇವಸ್ಥಾನ ಬಿಡೋಕೆ ಮನಸ್ಸಾಗುತ್ತಾ? ಚಿಕ್ಕಪ್ಪ ಸಂಕೋಚದ ಮನುಷ್ಯ, "ಹೊರಡೋಣ" ಅಂತ ಬಾಯಿಬಿಟ್ಟು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ತಾಳಗುಂದ ಮುಟ್ಟಿದಾಗ ಕತ್ತಲಾಗಿತ್ತು. ಪ್ರಣವೇಶ್ವರ ದೇವಸ್ಥಾನದ ಎದುರು ಕಂಬ ಇತ್ತು, ಅಕ್ಷರ ಕಾಣಲಿಲ್ಲ. ಮೊಬೈಲ್ ಟಾರ್ಚ್ ಎದುರಿನಿಂದ ಹಿಡಿದರೆ ಕಲ್ಲೆಲ್ಲ ಬೆಳ್ಳಗಾಗುತ್ತದೆ ಅಷ್ಟೇ. ಹಳೆಯ ಕೆತ್ತನೆಗೆ ಓರೆ ಬೆಳಕು ಬೇಕು, ಗೀರಿನೊಳಗೆ ನೆರಳು ಬೀಳಬೇಕು. ಚಿಕ್ಕಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಶಾಸನ ಬರೆದ ಕುಬ್ಜನ ಹೆಸರು ಯಾವ ಕಡೆ ಇದೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಅವರಿಗೆ ವಾಪಸ್ ರೈಲು. ಈಗ ಮಂಡಿ ನೋವು ಜಾಸ್ತಿಯಾಗಿ ದೂರ ಪ್ರಯಾಣ ಆಗುತ್ತಿಲ್ಲ.

ಆಮೇಲೆ ನಾನೊಬ್ಬನೇ ಬೆಳಿಗ್ಗೆ ಹೊತ್ತು ಹೋದೆ, ಶಾಸನದ ಪಾಠ ಮತ್ತು ಕನ್ನಡ ಅರ್ಥದ ಪ್ರಿಂಟ್ ಹಿಡಿದುಕೊಂಡು. ಕಂಬಕ್ಕೆ ಎಂಟು ಮುಖ. ಸಾಲುಗಳು ಅಡ್ಡ ಇಲ್ಲ, ಕೆಳಗಿನಿಂದ ಮೇಲಕ್ಕೆ ಏರುತ್ತವೆ. 5ನೇ ಶತಮಾನದಲ್ಲಿ ಕದಂಬ ರಾಜ ಶಾಂತಿವರ್ಮ ಹಾಕಿಸಿದ್ದು, ಸಂಸ್ಕೃತ ಪದ್ಯಗಳು. ಮಯೂರಶರ್ಮ ಗುರು ವೀರಶರ್ಮನ ಜೊತೆ ಓದೋಕೆ ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ. ದರ್ಭೆ, ಸಮಿತ್ತು, ತುಪ್ಪ ಹಿಡಿದು ಅಭ್ಯಾಸವಾದ ಕೈ ಕತ್ತಿ ಹಿರಿಯಿತು ಅನ್ನುತ್ತಾನೆ ಕವಿ ಕುಬ್ಜ. ಅದನ್ನು ಓದುತ್ತಾ ಆ ಅಕ್ಷರಗಳ ಎದುರೇ ನಿಂತಾಗ ಮೈ ಜುಂ ಅಂದಿತು. ಪದ್ಯ ಬರೆದವನೂ ಕಲ್ಲಿಗೆ ಇಳಿಸಿದವನೂ ಕುಬ್ಜನೇ. ಶಾತಕರ್ಣಿ ಮೊದಲಾದ ರಾಜರು ಈ ಗುಡಿಯಲ್ಲಿ ಪೂಜೆ ಮಾಡಿದ್ದರು, ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ ಅಂತಲೂ ಅದರಲ್ಲೇ ಇದೆ.

ಇಲ್ಲೇ 2013-14ರ ಉತ್ಖನನದಲ್ಲಿ ಕನ್ನಡ ಪದಗಳಿರುವ ಸಿಂಹಕಟಾಂಜನ ಶಾಸನ ಸಿಕ್ಕಿತು. ಪುರಾತತ್ವ ಇಲಾಖೆ ಅದನ್ನು ಕ್ರಿ.ಶ. 370ರದ್ದು ಎಂದು ಗುರುತಿಸಿದೆ. ಅಂದರೆ ಕನ್ನಡದ ಮೊದಲ ಶಾಸನ ಅಂತ ನಾವು ಓದಿದ ಹಲ್ಮಿಡಿಗಿಂತ ಹಳೆಯದು! ಕನ್ನಡದವರಾಗಿ ಇಷ್ಟು ಗೊತ್ತಾದ ಮೇಲೂ ಟೈಮ್ ಉಳಿದರೆ ನೋಡೋಣ ಅನ್ನೋಕಾಗುತ್ತಾ?

"ಬಳ್ಳಿಗಾವಿ ನೋಡಿದರೆ ತಾಳಗುಂದ ಬಿಡಬಹುದಾ" ಅಂದಿದ್ದೀರಿ. ಆ ಪ್ರಶ್ನೆಯೇ ಸರಿ ಇಲ್ಲ. ಬಳ್ಳಿಗಾವಿಯ ಚಂದ ಸುಮ್ನೆ ನಿಂತರೂ ಕಣ್ಣಿಗೆ ಬೀಳುತ್ತದೆ. ತಾಳಗುಂದ ಹಾಗಲ್ಲ, ಓದಿಕೊಂಡು ಹೋಗದಿದ್ದರೆ ನಿಮಗೆ ಅಲ್ಲಿ ಸಿಗುವುದು ನಿಜವಾಗಿಯೂ ಒಂದು ಕಂಬ ಮಾತ್ರ. ಓದೋಕೆ ಮನಸ್ಸಿಲ್ಲ ಅಂದರೆ ಆರಾಮಾಗಿ ಜೋಗಕ್ಕೆ ಹೋಗಿ, ಬೇಜಾರಿಲ್ಲ.

ಮನಸ್ಸಿದ್ದರೆ ಸಕ್ರೆಬೈಲನ್ನು ಇನ್ನೊಂದು ದಿನಕ್ಕೆ ಹಾಕಿ. ಬೆಳಿಗ್ಗೆ ಬೇಗ ಶಿವಮೊಗ್ಗ ಬಿಡಿ, ಎಲ್ಲೂ ಇಳಿಯದೆ ಮೊದಲು ತಾಳಗುಂದಕ್ಕೇ ಹೋಗಿ. ಕಂಬದ ಎಂಟೂ ಮುಖ ಸುತ್ತಿ. ಬಳ್ಳಿಗಾವಿ ಆಮೇಲೆ, ಊಟ ಶಿರಾಳಕೊಪ್ಪದಲ್ಲಿ. ನಿಮ್ಮ ತಂದೆಯವರೂ ಬರುತ್ತಾರೆ ಅಂತ ಬರೆದಿದ್ದೀರಿ. ಯಾವುದನ್ನು ಮೊದಲು ನೋಡಬೇಕು ಅಂತ ಅವರನ್ನು ಹಿಂದಿನ ರಾತ್ರಿಯೇ ಕೇಳಿಬಿಡಿ.